ಎರಡು ಸಲ ಮುಂದೆ ಹೋದ ಆಟಕ್ಕೆ ಈಗಲೇ ಮುಂಗಡ ಕೊಡಬೇಕೇ?

ಪ್ರಶ್ನೆ: ನಾನು ಮಂಡ್ಯದವನು, ವಯಸ್ಸು 27. ದಿನವೂ ರೈಲಿನಲ್ಲಿ ಮೈಸೂರಿಗೆ ಹೋಗಿಬಂದು ಕೆಲಸ ಮಾಡುತ್ತೇನೆ. ಮನೆಯಲ್ಲಿ ಭಾವ ಕೊಟ್ಟ ಹಳೆಯ ಪಿಎಸ್4 (ಟಿವಿಗೆ ಜೋಡಿಸಿ ಆಡುವ ಸೋನಿಯ ಪ್ಲೇಸ್ಟೇಷನ್ 4 ಕನ್ಸೋಲ್) ಇದೆ. ಗ್ರ್ಯಾಂಡ್ ಥೆಫ್ಟ್ ಆಟೋ 6 (ಜಿಟಿಎ 6) ಎಂಬ ವಿಡಿಯೋ ಗೇಮಿನ ಮೊದಲ ಟ್ರೇಲರ್ ನೋಡಿದಂದಿನಿಂದ ಅದಕ್ಕಾಗಿ ಕಾಯುತ್ತಿದ್ದೇನೆ. ತಿಂಗಳಿಗಿಷ್ಟು ಎಂದು ಎತ್ತಿಟ್ಟು ಪಿಎಸ್5 ಕೊಳ್ಳುವಷ್ಟು ಹಣವನ್ನೂ ಕೂಡಿಸಿದ್ದೇನೆ. ಆದರೆ ಬಿಡುಗಡೆ ಎರಡು ಸಲ ಮುಂದೆ ಹೋಯಿತು. ಮೈಸೂರಿನ ಅಂಗಡಿಯವರೊಬ್ಬರು 2,000 ರೂಪಾಯಿ ಮುಂಗಡ ಕೊಟ್ಟರೆ ಮೊದಲ ದಿನವೇ ಡಿಸ್ಕ್ ಕೊಡುವುದಾಗಿಯೂ ಬೆಲೆಯನ್ನು ಆಮೇಲೆ ತಿಳಿಸುವುದಾಗಿಯೂ ಹೇಳುತ್ತಿದ್ದಾರೆ. ಈ ಕಂಪನಿಗಳು ಹೇಳುವ ದಿನಾಂಕವನ್ನು ನಂಬಬಹುದೇ? ಮುಂಗಡ ಕೊಡಲೇ? ಪಿಎಸ್5 ಅನ್ನು ಈಗಲೇ ಕೊಳ್ಳಲೇ? ಇನ್ನೊಂದು ವಿಷಯ, ಹತ್ತನೇ ತರಗತಿಯಲ್ಲಿ ಓದುವ ತಮ್ಮನೂ ಇದೇ ಆಟದ ಕನಸು ಕಾಣುತ್ತಿದ್ದಾನೆ.

ಉತ್ತರ: ಮುಂಗಡ ಕೊಡಬೇಡಿ. ಪಿಎಸ್5 ಅನ್ನೂ ಈ ಒಂದೇ ಆಟಕ್ಕಾಗಿ ಈಗಲೇ ಕೊಳ್ಳಬೇಡಿ. ಆದರೆ ಕಾಯುವ ಸಂತೋಷವನ್ನು ಮಾತ್ರ ಬಿಡಬೇಡಿ, ಏಕೆಂದರೆ ಅದಕ್ಕೆ ಒಂದು ರೂಪಾಯಿಯೂ ಖರ್ಚಾಗುವುದಿಲ್ಲ. ಆಸೆ ಬೇರೆ, ಖರೀದಿ ಬೇರೆ. ಇವೆರಡೂ ಒಂದೇ ಎಂಬ ಭಾವನೆಯನ್ನು ನಮ್ಮಲ್ಲಿ ಮೂಡಿಸುವುದೇ ಮುಂಗಡ ಬುಕಿಂಗಿನ ಉದ್ದೇಶ. ಬೆಂಗಳೂರಿನಲ್ಲಿ ಹನ್ನೊಂದು ವರ್ಷ ಆಟಗಳ ಟೆಸ್ಟರ್ ಆಗಿ ದುಡಿದು ಈಗ ಮೈಸೂರಿನಲ್ಲಿ ನೆಲೆಸಿರುವ ನಾನು, ಬಿಡುಗಡೆಗೆ ಮೊದಲಿನ ಆಟ ಯಾವ ಸ್ಥಿತಿಯಲ್ಲಿರುತ್ತದೆ ಎಂಬುದನ್ನು ಹತ್ತಿರದಿಂದ ಕಂಡಿರುವುದರಿಂದ, ನಿಮ್ಮ ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ.

ನಡೆದದ್ದನ್ನು ಒಮ್ಮೆ ಕ್ರಮವಾಗಿ ನೋಡೋಣ. ರಾಕ್‌ಸ್ಟಾರ್ ಸಂಸ್ಥೆ ಈ ಆಟದ ಮೊದಲ ಟ್ರೇಲರನ್ನು 2023ರ ಡಿಸೆಂಬರಿನಲ್ಲಿ ಬಿಟ್ಟಾಗ ಕೊನೆಯಲ್ಲಿ ಇದ್ದದ್ದು 2025 ಎಂಬ ಇಸವಿ ಮಾತ್ರ. ಅದರ ಮಾತೃಸಂಸ್ಥೆ ಟೇಕ್-ಟು 2024ರಲ್ಲಿ ಅದನ್ನು 2025ರ 'ಫಾಲ್' ಎಂದು ಕಿರಿದುಗೊಳಿಸಿತು. ಅಮೆರಿಕದವರ ಆ ಋತು ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಗೌರಿ ಹಬ್ಬದಿಂದ ದೀಪಾವಳಿ ಕಳೆಯುವವರೆಗಿನ ಕಾಲ. 2025ರ ಮೇ ತಿಂಗಳಲ್ಲಿ ಬಿಡುಗಡೆಯನ್ನು 2026ರ ಮೇ 26ಕ್ಕೆ ಹಾಕಿದರು. ಅದೇ ವರ್ಷದ ನವೆಂಬರಿನಲ್ಲಿ ಮತ್ತೆ 2026ರ ನವೆಂಬರ್ 19ಕ್ಕೆ ಮುಂದೂಡಿದರು. ಹಿಂದಿನ ಭಾಗವಾದ ಜಿಟಿಎ 5 ಬಂದದ್ದು 2013ರ ಸೆಪ್ಟೆಂಬರ್ 17ರಂದು, ಪಿಎಸ್3 ಮತ್ತು ಎಕ್ಸ್‌ಬಾಕ್ಸ್ 360 ಎಂಬ ಅಂದಿನ ಕನ್ಸೋಲುಗಳಿಗೆ. ಅಂದು ನಿಮ್ಮ ತಮ್ಮ ಇನ್ನೂ ಎರಡು ಮೂರು ವರ್ಷದ ಕೂಸಾಗಿದ್ದಿರಬೇಕು. ಇಷ್ಟು ದೀರ್ಘ ಅಂತರದ ನಂತರ ಬರುವ ಆಟದ ವಿಷಯದಲ್ಲಿ ಆರು ತಿಂಗಳ ಮುಂದೂಡಿಕೆ ಅಸಹಜವೇನಲ್ಲ. ಅದು ಏಕೆ ಆಗುತ್ತದೆ ಎಂಬುದನ್ನು ನನ್ನ ಅನುಭವದ ಒಂದು ಪ್ರಸಂಗದಿಂದಲೇ ಹೇಳುತ್ತೇನೆ.

ನಾನು ಪರೀಕ್ಷಿಸುತ್ತಿದ್ದ ಒಂದು ಆಟದಲ್ಲಿ ನಾಯಕ ಲಾಟೀನು ಹಿಡಿದು ಕಲ್ಲಿನ ಬಾವಿಯೊಂದರ ಮೆಟ್ಟಿಲು ಇಳಿಯುವ ದೃಶ್ಯವಿತ್ತು. ಹದಿನಾಲ್ಕನೆಯ ಮೆಟ್ಟಿಲಿನಲ್ಲಿ ಅವನು ಒಮ್ಮೊಮ್ಮೆ ಕಲ್ಲನ್ನೇ ತೂರಿಕೊಂಡು ಕೆಳಗಿನ ಶೂನ್ಯಕ್ಕೆ ಬೀಳುತ್ತಿದ್ದ. ಒಮ್ಮೊಮ್ಮೆ ಎಂಬುದೇ ನಮ್ಮ ಸಂಕಟ. ಯಾವಾಗ ಬೀಳುತ್ತಾನೆ ಎಂದು ಖಚಿತವಾಗಿ ತೋರಿಸದ ಹೊರತು ಪ್ರೋಗ್ರಾಮರ್ ಅದನ್ನು ಸರಿಪಡಿಸಲಾರ. ನಾಲ್ಕು ಜನ ಒಂಬತ್ತು ದಿನ ಅದೇ ಬಾವಿಯನ್ನು ಇಳಿದೆವು. ಕೊನೆಗೆ ತಿಳಿದದ್ದು ಇಷ್ಟು: ಲಾಟೀನು ಎಡಗೈಯಲ್ಲಿರಬೇಕು, ಬಾವಿಗೆ ಬರುವ ಮೊದಲು ಕನ್ಸೋಲನ್ನು ಒಮ್ಮೆ ರೆಸ್ಟ್ ಮೋಡಿಗೆ ಹಾಕಿ ಎಬ್ಬಿಸಿರಬೇಕು, ಆಗ ಮಾತ್ರ ಬೀಳುತ್ತಾನೆ. ಅದನ್ನು ಸರಿಪಡಿಸಿದ ಮರುದಿನ ಬಂದ ಬಿಲ್ಡಿನಲ್ಲಿ, ಎಂದರೆ ಆಟದ ಹೊಸ ಕರಡು ಪ್ರತಿಯಲ್ಲಿ, ನಾಯಕ ಬೀಳಲಿಲ್ಲ, ಆದರೆ ಊರಿನ ಸಂತೆಯಲ್ಲಿ ಎಲ್ಲರ ನೆರಳುಗಳೂ ಮಾಯವಾಗಿದ್ದವು. ಒಂದು ಬಾವಿ, ಒಂದು ಲಾಟೀನು ಇದ್ದ ಸಣ್ಣ ಆಟದ ಕತೆ ಇದು. ಇಡೀ ರಾಜ್ಯವೊಂದನ್ನು ರಸ್ತೆ, ವಾಹನ, ಮಳೆ, ಜನಸಂದಣಿಗಳೊಂದಿಗೆ ಕಟ್ಟುವ ಆಟದಲ್ಲಿ ಇಂತಹ ಸಂಯೋಜನೆಗಳು ಎಷ್ಟು ಪಟ್ಟು ಹೆಚ್ಚುತ್ತವೆ ಎಂಬುದನ್ನು ನೀವೇ ಊಹಿಸಬಹುದು.

ಇದರ ಮೇಲೆ ಕನ್ಸೋಲ್ ತಯಾರಕರ ತಪಾಸಣೆಯೂ ಇರುತ್ತದೆ. ಸೋನಿ, ಮೈಕ್ರೋಸಾಫ್ಟ್, ನಿಂಟೆಂಡೊ ಮೂವರೂ ತಂತಮ್ಮ ನಿಯಮಗಳ ಪಟ್ಟಿ ಇಟ್ಟುಕೊಂಡಿದ್ದಾರೆ, ಅದರಲ್ಲಿ ಉತ್ತೀರ್ಣವಾಗದೆ ಯಾವ ಆಟವೂ ಮಾರಾಟಕ್ಕೆ ಬರುವಂತಿಲ್ಲ. ಸೇವ್ ಆಗುತ್ತಿರುವಾಗಲೇ ಕಂಟ್ರೋಲರಿನ ಸಂಪರ್ಕ ಕಡಿದರೆ ಏನಾಗುತ್ತದೆ, ಸಂಗ್ರಹದಲ್ಲಿ ಜಾಗವೇ ಇಲ್ಲದಿದ್ದರೆ ಆಟ ಏನು ಹೇಳುತ್ತದೆ, ನಡುವೆ ಬೇರೊಬ್ಬರು ತಮ್ಮ ಖಾತೆಯಿಂದ ಪ್ರವೇಶಿಸಿದರೆ ಮೊದಲಿನವರ ಆಟ ಉಳಿಯುತ್ತದೆಯೇ ಎಂಬಂತಹ ನೂರಾರು ಪ್ರಶ್ನೆಗಳು ಅಲ್ಲಿರುತ್ತವೆ. ಮುಖ್ಯವಾದ ಒಂದರಲ್ಲಿ ಎಡವಿದರೂ ತಿದ್ದಿ ಮತ್ತೆ ಸಲ್ಲಿಸಬೇಕಾಗಬಹುದು. ಹೀಗಾಗಿ ಒಂದು ವರ್ಷ ಮೊದಲೇ ಹೇಳುವ ದಿನಾಂಕವನ್ನು ವಚನವೆಂದು ಭಾವಿಸದೆ ಅಂದಾಜೆಂದು ಭಾವಿಸುವುದೇ ಸರಿ.

ನಿಮ್ಮ ಕಡೆಯ ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಂತವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಪಾಕದ ಹನಿಯನ್ನು ನೀರಿಗೆ ಬಿಟ್ಟು ಬೆರಳಿನಲ್ಲಿ ಉಂಡೆಗಟ್ಟುತ್ತದೆಯೇ ಎಂದು ನೋಡುವ ಹಿರಿಯ, ಗಾಡಿ ಬಂದು ನಿಂತಿದೆ ಎಂಬ ಕಾರಣಕ್ಕೆ ಹದ ಬಾರದ ಪಾಕವನ್ನು ಅಚ್ಚಿಗೆ ಸುರಿಯುವುದಿಲ್ಲ. ಸುರಿದರೆ ಬೆಲ್ಲ ಕಟ್ಟುವುದಿಲ್ಲ. ಆಟದ ವ್ಯಾಪಾರದಲ್ಲಿ ಆ ಗಾಡಿ ಎಂದರೆ ಆರ್ಥಿಕ ವರ್ಷದ ಕೊನೆ ಮತ್ತು ಕ್ರಿಸ್‌ಮಸ್ ಮಾರಾಟ. ಅವುಗಳಿಗಾಗಿ ಹದವನ್ನು ಕಡೆಗಣಿಸಿದ ಉದಾಹರಣೆಗಳು ಬೇಕಾದಷ್ಟಿವೆ. ಮುಂದೂಡಿಕೆಯ ಸುದ್ದಿ ಬಂದಾಗ ನನಗೆ ಬೇಸರವಾಗುವುದಿಲ್ಲ ಎಂದರೆ ಅದು ನಿಜ. ಮುಂದೂಡದಿದ್ದರೆ ಆ ಕೆಲಸವನ್ನು ರಾತ್ರಿಗಳಲ್ಲಿ, ಭಾನುವಾರಗಳಲ್ಲಿ ಮಾಡಿಸುತ್ತಾರೆ. ಈ ಉದ್ಯಮದಲ್ಲಿ ಅದಕ್ಕೆ 'ಕ್ರಂಚ್' ಎನ್ನುತ್ತಾರೆ, ಮತ್ತು ಅದು ಎಷ್ಟೋ ಒಳ್ಳೆಯ ಕೆಲಸಗಾರರನ್ನು ಈ ವೃತ್ತಿಯಿಂದಲೇ ಓಡಿಸಿದೆ. ರಾಕ್‌ಸ್ಟಾರ್‌ಗೆ ಬೆಂಗಳೂರಿನಲ್ಲಿಯೂ ಸ್ಟುಡಿಯೋ ಇದೆ. 1997ರಲ್ಲಿ ಅಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್ ಸಂಸ್ಥೆಯನ್ನು 2019ರಲ್ಲಿ ಕೊಂಡು ಅದರೊಳಗೆ ಸೇರಿಸಿಕೊಂಡರು. ಮುಂದೆ ಹೋದ ಆ ಆರು ತಿಂಗಳು ನಿಮ್ಮ ಊರಿಂದ ನೂರು ಕಿಲೋಮೀಟರ್ ದೂರದಲ್ಲಿ ಯಾರೋ ಒಬ್ಬ ತಂದೆ ಹೊತ್ತಿಗೆ ಸರಿಯಾಗಿ ಮನೆ ಸೇರಲು ನೆರವಾಗಲಿ ಎಂಬುದು ನನ್ನ ಹಾರೈಕೆ.

ಹಾಗೆಂದು ಮುಂದೂಡಿದ ಆಟಗಳೆಲ್ಲ ಹದವಾಗಿಯೇ ಬರುತ್ತವೆ ಎಂದು ನಂಬುವಂತೆಯೂ ಇಲ್ಲ. ಸೈಬರ್‌ಪಂಕ್ 2077 ಎಂಬ ಆಟದ ಬಿಡುಗಡೆಯನ್ನು 2020ರ ಏಪ್ರಿಲ್ 16ರಿಂದ ಸೆಪ್ಟೆಂಬರ್ 17ಕ್ಕೆ, ಅಲ್ಲಿಂದ ನವೆಂಬರ್ 19ಕ್ಕೆ, ಅಲ್ಲಿಂದ ಡಿಸೆಂಬರ್ 10ಕ್ಕೆ ಮುಂದೂಡಿದ್ದರು. ಕೊನೆಯ ಮುಂದೂಡಿಕೆ ಬಂದದ್ದು ಆಟ 'ಗೋಲ್ಡ್' ಆಗಿದೆ, ಎಂದರೆ ಡಿಸ್ಕ್ ಅಚ್ಚಿಗೆ ಮೂಲಪ್ರತಿ ಸಿದ್ಧವಾಗಿದೆ ಎಂದು ಘೋಷಿಸಿದ ಮೇಲೆ. ಬಿಡುಗಡೆಯ ಹೊತ್ತಿಗೆ ಸುಮಾರು 80 ಲಕ್ಷ ಜನ ಮುಂಗಡವಾಗಿ ಕೊಂಡಿದ್ದರು. ಬಿಡುಗಡೆಗೆ ಮೊದಲು ವಿಮರ್ಶಕರಿಗೆ ಕೊಟ್ಟದ್ದು ಕಂಪ್ಯೂಟರಿನ ಪ್ರತಿಯನ್ನು ಮಾತ್ರ. ಪಿಎಸ್4ರಲ್ಲಿ ಹಾಕಿದವರಿಗೆ ಕಂಡದ್ದು ಬೇರೆಯೇ ಆಟ: ಬಣ್ಣ ಮೂಡದ ಗೋಡೆಗಳು, ಕಣ್ಣೆದುರೇ ಉದ್ಭವಿಸುವ ಕಾರುಗಳು, ಮತ್ತೆ ಮತ್ತೆ ನಿಂತುಹೋಗುವ ಪರದೆ. ಒಂದೇ ವಾರದಲ್ಲಿ ಸೋನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದ ತೆಗೆದುಹಾಕಿ ಹಣ ಹಿಂದಿರುಗಿಸುವುದಾಗಿ ಹೇಳಿತು. ಮತ್ತೆ ಅಲ್ಲಿ ಕಾಣಿಸಿಕೊಂಡದ್ದು 2021ರ ಜೂನಿನಲ್ಲಿ. ನಗರದ ದೃಶ್ಯಗಳನ್ನು ಹಳೆಯ ಕನ್ಸೋಲಿನ ನಿಧಾನ ಡಿಸ್ಕಿನಿಂದ ಹೊತ್ತಿಗೆ ಸರಿಯಾಗಿ ಎಳೆದು ತರಲಾಗದಿದ್ದುದೇ ಮೂಲ ತೊಂದರೆಯೆಂದು ತಯಾರಕರೇ ಒಪ್ಪಿಕೊಂಡರು. ಅದೇ ಆಟ 2023ರ ಸೆಪ್ಟೆಂಬರಿನ 2.0 ಅಪ್‌ಡೇಟಿನ ಹೊತ್ತಿಗೆ ಹೊಸ ಕನ್ಸೋಲುಗಳಲ್ಲಿ ನಿಜಕ್ಕೂ ಸೊಗಸಾಗಿತ್ತು, ಬೆಲೆಯೂ ಇಳಿದಿತ್ತು. ಮೊದಲ ದಿನ ಪೂರ್ತಿ ಹಣ ಕೊಟ್ಟವರಿಗೆ ಸಿಕ್ಕದ್ದು ಕೆಟ್ಟ ಪ್ರತಿ, ತಾಳಿದವರಿಗೆ ಸಿಕ್ಕದ್ದು ಒಳ್ಳೆಯ ಪ್ರತಿ.

ಹಾಗಾದರೆ ಯಾವ ಘೋಷಣೆಯನ್ನು ಎಷ್ಟು ನಂಬಬೇಕು? ಹೆಸರು ಮತ್ತು ಲಾಂಛನವನ್ನಷ್ಟೇ ತೋರಿಸಿದರೆ ಆಟ ಇನ್ನೂ ಹುಟ್ಟಿಲ್ಲ ಎಂದೇ ತಿಳಿಯಿರಿ. ಮೆಟ್ರಾಯ್ಡ್ ಪ್ರೈಮ್ 4 ಎಂಬ ಆಟದ ಲಾಂಛನವನ್ನು ನಿಂಟೆಂಡೊ 2017ರಲ್ಲಿ ತೋರಿಸಿತು. 2019ರ ಜನವರಿಯಲ್ಲಿ ಕೆಲಸ ತೃಪ್ತಿಕರವಾಗಿಲ್ಲವೆಂದು ಹೇಳಿ ಬೇರೆ ಸ್ಟುಡಿಯೋಗೆ ವಹಿಸಿ ಮೊದಲಿನಿಂದ ಶುರುಮಾಡಿಸಿತು. ಆಟ ಕೈಗೆ ಬಂದದ್ದು 2025ರ ಡಿಸೆಂಬರ್ 4ರಂದು. ಋತು ಅಥವಾ ಇಸವಿ ಹೇಳಿದರೆ ಅದು ತಯಾರಕರ ಆಸೆ. ದಿನಾಂಕ ಹೇಳಿ, ಆಟವನ್ನು ಬಿಡದೆ ಹತ್ತು ಹದಿನೈದು ನಿಮಿಷ ಆಡಿ ತೋರಿಸಿದರೆ ಅಲ್ಲಿಂದ ನಂಬಿಕೆಗೆ ಒಂದು ಆಧಾರ ಸಿಕ್ಕಿತು. ಟ್ರೇಲರನ್ನು ನೋಡುವಾಗ ಒಂದು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿರುವುದನ್ನು ಓದಿ: ಯಾವ ಯಂತ್ರದಲ್ಲಿ ಚಿತ್ರಿಸಿದ್ದು ಎಂದು ಹೇಳಿದ್ದಾರೆಯೇ? ವಾಚ್ ಡಾಗ್ಸ್ ಆಟವನ್ನು 2012ರ ಪ್ರದರ್ಶನದಲ್ಲಿ ತೋರಿಸಿದ ಗಾಳಿ, ಬೆಳಕು, ಮಳೆಯ ಮೆರುಗು 2014ರಲ್ಲಿ ಕನ್ಸೋಲಿನಲ್ಲಿ ಆಡಿದವರಿಗೆ ಸಿಗಲಿಲ್ಲ. ಜಿಟಿಎ 6ರ ವಿಷಯದಲ್ಲಿ ಸಮಾಧಾನದ ಸಂಗತಿಯೆಂದರೆ, 2025ರ ಮೇ ತಿಂಗಳ ಎರಡನೇ ಟ್ರೇಲರನ್ನು ಪಿಎಸ್5ರಲ್ಲೇ ಸೆರೆಹಿಡಿದದ್ದಾಗಿ ರಾಕ್‌ಸ್ಟಾರ್ ಸ್ಪಷ್ಟಪಡಿಸಿದೆ. ಆದರೂ ಟ್ರೇಲರ್ ಎಂದರೆ ಆಯ್ದ ಕ್ಷಣಗಳು. ಮೂವತ್ತನೆಯ ಗಂಟೆಯಲ್ಲಿ ಆಟ ಹೇಗಿರುತ್ತದೆ ಎಂಬುದನ್ನು ಅದು ಹೇಳಲಾರದು.

ಈ ಸೂತ್ರಗಳನ್ನೆಲ್ಲ ಮೀರಿದ ಒಂದು ಆಟವೂ ಇದೆ, ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ಆಸ್ಟ್ರೇಲಿಯಾದ ಅಡಿಲೇಡಿನ ಟೀಮ್ ಚೆರ್ರಿ ಎಂಬ ಬಹಳ ಸಣ್ಣ ತಂಡ ಹಾಲೋ ನೈಟ್: ಸಿಲ್ಕ್‌ಸಾಂಗ್ ಆಟವನ್ನು 2019ರ ಫೆಬ್ರವರಿಯಲ್ಲಿ ಘೋಷಿಸಿ, ವರ್ಷಗಟ್ಟಲೆ ಹೆಚ್ಚುಕಡಿಮೆ ಮೌನವಾಗಿದ್ದು, ಕೊನೆಗೆ ಎರಡೇ ವಾರಗಳ ಮುನ್ಸೂಚನೆ ಕೊಟ್ಟು 2025ರ ಸೆಪ್ಟೆಂಬರ್ 4ರಂದು ಬಿಡುಗಡೆ ಮಾಡಿತು. ವಿಮರ್ಶಕರಿಗೆ ಮೊದಲೇ ಪ್ರತಿ ಕಳಿಸಲಿಲ್ಲ. ಜನ ಒಮ್ಮೆಲೇ ಮುಗಿಬಿದ್ದು ಆನ್‌ಲೈನ್ ಅಂಗಡಿಗಳೇ ಕೆಲಹೊತ್ತು ಸ್ತಬ್ಧವಾದವು, ಆಟ ಅತ್ಯುತ್ತಮವಾಗಿಯೇ ಇತ್ತು. ಗಮನಿಸಬೇಕಾದದ್ದು ಏನೆಂದರೆ, ಆರೂವರೆ ವರ್ಷ ಕಾದ ಆ ಅಭಿಮಾನಿಗಳಲ್ಲಿ ಹೆಚ್ಚಿನವರು ಮುಂಗಡವೆಂದು ಒಂದು ಪೈಸೆಯನ್ನೂ ಕೊಟ್ಟಿರಲಿಲ್ಲ. ಕೊಡುವ ವ್ಯವಸ್ಥೆಯೇ ಇರಲಿಲ್ಲ. ಅವರ ಉತ್ಸಾಹಕ್ಕೆ ಅದರಿಂದ ಕಿಂಚಿತ್ತೂ ಕೊರತೆಯಾಗಲಿಲ್ಲ.

ಮುಂಗಡ ಬುಕಿಂಗ್ ಹುಟ್ಟಿದ್ದು ಕಾರ್ಟ್ರಿಜ್ ಮತ್ತು ಡಿಸ್ಕುಗಳ ಕಾಲದಲ್ಲಿ, ಅಂಗಡಿಗೆ ಬರುತ್ತಿದ್ದ ಪ್ರತಿಗಳೇ ಕಡಿಮೆಯಾಗಿದ್ದಾಗ. ಈಗ ಡೌನ್‌ಲೋಡಿಗೆ ಅಭಾವವೆಂಬುದೇ ಇಲ್ಲ. ಇಷ್ಟು ದೊಡ್ಡ ಆಟದ ಡಿಸ್ಕುಗಳಿಗೂ ಬಹುಕಾಲ ಕೊರತೆಯಾಗುವುದಿಲ್ಲ. ಹಾಗಿದ್ದೂ ಮುಂಗಡ ಕೊಡುವುದೆಂದರೆ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ. ಸೋನಿಯದೇ ಆದ ಕಾಂಕಾರ್ಡ್ ಎಂಬ ಆಟ 2024ರ ಆಗಸ್ಟ್ 23ರಂದು ಬಂದು, ಆಡುವವರಿಲ್ಲದೆ ಸೆಪ್ಟೆಂಬರ್ 6ಕ್ಕೆ ಮುಚ್ಚಿಯೇಹೋಯಿತು. ಅಂದು ಹಣ ಹಿಂದಿರುಗಿಸಿದರು, ನಿಜ. ಆದರೆ ಪ್ಲೇಸ್ಟೇಷನ್ ಸ್ಟೋರಿನಂತಹ ಕಡೆ ಮುಂಗಡವನ್ನು ರದ್ದುಮಾಡಲು ಲಿಖಿತ ನಿಯಮವಿದೆ, ಡೌನ್‌ಲೋಡ್ ಆರಂಭಿಸಿದ ಮೇಲೆ ಆ ಹಕ್ಕು ಕೈತಪ್ಪುತ್ತದೆ ಎಂಬುದೂ ಅದರಲ್ಲೇ ಸ್ಪಷ್ಟವಾಗಿದೆ. ನಿಮ್ಮ ಅಂಗಡಿಯವರ ಬಳಿ ಅಂತಹ ಯಾವ ಕಾಗದವಿದೆ? ಬೆಲೆಯನ್ನೇ ಹೇಳದೆ ಪಡೆಯುವ ಮುಂಗಡ, ಮುಂದೆ ಅವರು ಹೇಳುವ ಯಾವ ಬೆಲೆಗಾದರೂ ನಿಮ್ಮನ್ನು ಕಟ್ಟಿಹಾಕುತ್ತದೆ. ಪರಿಚಯದ ಅಂಗಡಿ, ಕೊಡದಿದ್ದರೆ ಸರಿಯಿರುವುದಿಲ್ಲ ಎಂಬ ದಾಕ್ಷಿಣ್ಯ ನಿಮಗಿದ್ದರೆ, ಆಟದ ಹೆಸರು, ಯಾವ ಕನ್ಸೋಲಿನ ಪ್ರತಿ, ಗರಿಷ್ಠ ಬೆಲೆ, ದಿನಾಂಕ ಮತ್ತೆ ಮುಂದೆ ಹೋದರೆ ಹಣ ವಾಪಸ್ ಎಂಬ ನಾಲ್ಕು ಮಾತುಗಳನ್ನು ರಸೀದಿಯ ಮೇಲೆ ಬರೆಸಿ ಸಹಿ ಹಾಕಿಸಿಕೊಳ್ಳಿ. ಬರೆದುಕೊಡಲು ಹಿಂದೇಟು ಹಾಕಿದರೆ ನಮಸ್ಕಾರ ಹೇಳಿ ಹೊರಡಿ.

ಇನ್ನು ಕನ್ಸೋಲ್. ನಿಮ್ಮ ಪಿಎಸ್4ರಲ್ಲಿ ಈ ಆಟ ನಡೆಯುವುದಿಲ್ಲ. ಘೋಷಣೆಯಾಗಿರುವುದು ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಯಂತ್ರಗಳಿಗೆ ಮಾತ್ರ. ಪಿಎಸ್4ರ ಹಾರ್ಡ್ ಡಿಸ್ಕ್ ಸೆಕೆಂಡಿಗೆ 50ರಿಂದ 100 ಮೆಗಾಬೈಟ್ ಓದಿದರೆ, ಪಿಎಸ್5ರ ಎಸ್‌ಎಸ್‌ಡಿ ಎಂಬ ವೇಗದ ಸಂಗ್ರಹ 5.5 ಗಿಗಾಬೈಟ್ ಓದುತ್ತದೆ. ಸೈಬರ್‌ಪಂಕ್ ಎಡವಿದ ಜಾಗ ಇದೇ ಎಂಬುದನ್ನು ನೆನೆದರೆ ಹಳೆಯ ಯಂತ್ರವನ್ನು ಕೈಬಿಟ್ಟದ್ದು ಸರಿಯೆಂದೇ ತೋರುತ್ತದೆ. ಆದ್ದರಿಂದ ಪಿಎಸ್5 ನಿಮಗೆ ಬೇಕೇ ಬೇಕು, ಈಗಲ್ಲ ಅಷ್ಟೆ. ದಸರಾ ಮತ್ತು ದೀಪಾವಳಿಯ ದಿನಗಳಲ್ಲಿ ಕನ್ಸೋಲುಗಳ ಮೇಲೆ ರಿಯಾಯಿತಿ ಕೊಡುವುದು ಕೆಲವು ವರ್ಷಗಳಿಂದ ನಡೆದುಬಂದಿದೆ. ನವೆಂಬರ್ 19 ಬರುವುದು ದೀಪಾವಳಿ ಕಳೆದ ಹತ್ತು ಹನ್ನೊಂದು ದಿನಕ್ಕೆ, ಹಾಗಾಗಿ ಹಬ್ಬದಲ್ಲಿ ಕೊಂಡರೂ ನಿಮಗೆ ತಡವಾಗುವುದಿಲ್ಲ. ಕೊಳ್ಳುವಾಗ ಡಿಸ್ಕ್ ಡ್ರೈವ್ ಇರುವುದನ್ನೇ ಆರಿಸಿ. ಭಾವ ಕೊಟ್ಟ ಪಿಎಸ್4 ಡಿಸ್ಕುಗಳಲ್ಲಿ ಬಹುಪಾಲು ಅದರಲ್ಲಿಯೂ ನಡೆಯುತ್ತವೆ. ಆಡಿ ಮುಗಿಸಿದ ಡಿಸ್ಕನ್ನು ಗೆಳೆಯರಿಗೆ ಕೊಡಬಹುದು, ಮಾರಲೂಬಹುದು. ಡೌನ್‌ಲೋಡ್ ಮಾಡಿಕೊಂಡ ಆಟಕ್ಕೆ ಈ ಎರಡೂ ಇಲ್ಲ.

ಡಿಸ್ಕ್ ಕೊಂಡರೂ ಮೊದಲ ದಿನದ ಅಪ್‌ಡೇಟ್ ಇಳಿಸಿಕೊಳ್ಳದೆ ಆಡಬೇಡಿ, ಏಕೆಂದರೆ ಮೂಲಪ್ರತಿ ಅಚ್ಚಿಗೆ ಹೋದ ಮೇಲೆ ನಮ್ಮಂತಹವರು ಹುಡುಕಿದ ತಪ್ಪುಗಳ ತಿದ್ದುಪಡಿಯೆಲ್ಲ ಇರುವುದು ಅದರಲ್ಲೇ. ಸೆಕೆಂಡಿಗೆ 40 ಮೆಗಾಬಿಟ್ ವೇಗದ ಸಂಪರ್ಕದಲ್ಲಿ 100 ಗಿಗಾಬೈಟ್ ಇಳಿಯಲು ಐದೂವರೆ ಗಂಟೆಗಿಂತ ಹೆಚ್ಚು ಬೇಕು. ನಡುವೆ ಕರೆಂಟ್ ಹೋಗುವ ಬಡಾವಣೆಯಾದರೆ ರೌಟರನ್ನೂ ಕನ್ಸೋಲನ್ನೂ ಯುಪಿಎಸ್‌ಗೆ ಹಾಕಿಡಿ. ಸೇವ್ ಆಗುವ ಹೊತ್ತಿನಲ್ಲಿ ಕರೆಂಟ್ ಹೋಗಿ ನಲವತ್ತು ಗಂಟೆಗಳ ಆಟ ಕಳೆದುಕೊಂಡವರನ್ನು ನಾನು ಬಲ್ಲೆ.

ಬಿಡುಗಡೆಯ ಹಿಂದಿನ ದಿನಗಳಲ್ಲಿ ವಿಮರ್ಶೆಗಳು ಬಂದರೆ, ಸಾಧಾರಣ ಪಿಎಸ್5ರಲ್ಲಿ ಆಡಿ ಬರೆದವರ ಮಾತನ್ನು ಹುಡುಕಿ ಓದಿ. ಮೂರು ನಾಲ್ಕು ದಿನ ತಡೆದು ಸಾಮಾನ್ಯ ಆಟಗಾರರ ಅನುಭವವನ್ನೂ ಕೇಳಿ. ಗುರುವಾರ ಬರುವ ಆಟವನ್ನು ಭಾನುವಾರ ಕೊಂಡರೆ ಕತೆಯಲ್ಲಿ ಏನೂ ಕಡಿಮೆಯಾಗುವುದಿಲ್ಲ. ಗುಟ್ಟು ಒಡೆದೀತೆಂಬ ಭಯವಿದ್ದರೆ ರೈಲಿನಲ್ಲಿ ಫೋನ್ ನೋಡುವುದನ್ನು ಆ ನಾಲ್ಕು ದಿನ ಬಿಟ್ಟರಾಯಿತು.

ತಮ್ಮನ ವಿಷಯದಲ್ಲಿ ನನ್ನ ಮಾತು ನಿಷ್ಠುರವಾಗಿಯೇ ಇದೆ: ಈ ಆಟ ಅವನಿಗಲ್ಲ. ಆಟಗಳು ಯಾವ ವಯಸ್ಸಿನವರಿಗೆ ಎಂದು ಹೇಳುವ ಸಂಸ್ಥೆಗಳಲ್ಲಿ ಜಿಟಿಎ 5ಕ್ಕೆ ಅಮೆರಿಕದ ಇಎಸ್‌ಆರ್‌ಬಿ ಕೊಟ್ಟದ್ದು 17 ತುಂಬಿದವರ ಶ್ರೇಣಿ, ಯುರೋಪಿನ ಪೆಗಿ ಕೊಟ್ಟದ್ದು 18. ಹೊಸದು ಅದಕ್ಕಿಂತ ಸೌಮ್ಯವಾಗಿರುತ್ತದೆ ಎಂದು ನಂಬಲು ಯಾವ ಕಾರಣವೂ ಇಲ್ಲ. ಕನ್ಸೋಲ್ ಬಂದ ದಿನವೇ ಅವನಿಗೆ ಪ್ರತ್ಯೇಕ ಖಾತೆ ತೆರೆದು, ಕುಟುಂಬ ನಿರ್ವಹಣೆಯ ವಿಭಾಗದಲ್ಲಿ ವಯಸ್ಸಿನ ಮಿತಿಯನ್ನು ಹೊಂದಿಸಿ, ನಿಮ್ಮ ಖಾತೆಗೆ ಪಾಸ್‌ಕೋಡ್ ಹಾಕಿ. ಆದರೆ ಬರೀ ಬೇಡ ಎಂದರೆ ಹದಿನೈದರ ಹುಡುಗ ಕೇಳುವುದಿಲ್ಲ, ಅವನ ಕೈಗೆ ಬೇರೇನಾದರೂ ಕೊಡಬೇಕಾಗುತ್ತದೆ. ಹೇಜ್‌ಲೈಟ್ ಸ್ಟುಡಿಯೋದ ಇಟ್ ಟೇಕ್ಸ್ ಟು ಎಂಬ ಆಟ 2021ರಿಂದಲೂ ಇದೆ, ನಿಮ್ಮ ಪಿಎಸ್4ರಲ್ಲಿಯೇ ನಡೆಯುತ್ತದೆ, ರಿಯಾಯಿತಿಯಲ್ಲಿಯೂ ಆಗಾಗ ಸಿಗುತ್ತದೆ. ಅದನ್ನು ಒಬ್ಬರೇ ಆಡಲು ಸಾಧ್ಯವೇ ಇಲ್ಲ: ಪರದೆ ಎರಡಾಗಿ ಸೀಳಿರುತ್ತದೆ, ಒಬ್ಬರ ಕೈಗೆ ಸುತ್ತಿಗೆ ಸಿಕ್ಕರೆ ಇನ್ನೊಬ್ಬರ ಕೈಗೆ ಮೊಳೆ ಸಿಗುತ್ತದೆ, ನೀವು ಮೊಳೆ ಹೊಡೆದು ನಿಲ್ಲಿಸದ ಹೊರತು ಅವನು ಸುತ್ತಿಗೆಯನ್ನು ಸಿಕ್ಕಿಸಿಕೊಂಡು ಆಚೆ ಜಿಗಿಯಲಾರ. ಇನ್ನೊಂದು ಕಂಟ್ರೋಲರ್ ಇಲ್ಲದಿದ್ದರೆ ಭಾವನವರನ್ನು ಕೇಳಿ ನೋಡಿ. ಬರುವ ಭಾನುವಾರವೇ ಶುರುಮಾಡಬಹುದು.